ತಡೆದವನೊಬ್ಬನಿದ್ದ

ನಂಜುಂಡಪ್ಪನವರ ಎಡಗೈ ಕಿರುಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟಂತೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಕಾಫಿ ಲೋಟ ಹಿಡಿದಾಗ ಅದು ಹೊರಗೇ ಉಳಿಯುತ್ತಿತ್ತು. ಜಗಳಕ್ಕೆ ನಿಂತಾಗ ಮಾತ್ರ ಎಲ್ಲಕ್ಕಿಂತ ಮುಂದೆ ಬರುತ್ತಿತ್ತು. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಆ ಬೆರಳು ತೋರಿಸಿ ಅವರು ಬೈಯದೆ ಬಿಟ್ಟವರಿಲ್ಲ. ಎದುರು ಮನೆಯವಳಾದ ನನಗಂತೂ ಅದು ದಿನದ ಪಾಲು.

ಬೆರಳು ಮುರಿದದ್ದು ಫುಟ್‌ಬಾಲ್‌ನಲ್ಲಿ. ಪ್ರಾಯದಲ್ಲಿ ಅವರು ಗೋಲ್‌ಕೀಪರ್. ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸ ಸಿಕ್ಕಿದ್ದೂ ಆ ಆಟದಿಂದಲೇ. ಒಮ್ಮೆ ರಾಷ್ಟ್ರೀಯ ಕಪ್‌ನ ಫೈನಲ್ ಸಮಸಮವಾಗಿ ಮುಗಿದು, ಪೆನಾಲ್ಟಿಗಳಲ್ಲಿ ತೀರ್ಮಾನವಾಗಬೇಕಾಯಿತು. ಎದುರು ತಂಡದ ಹೆಸರಾಂತ ಆಟಗಾರ ಒದ್ದ ಕೊನೆಯ ಚೆಂಡಿಗೆ ಇವರು ಎಡಕ್ಕೆ ಹಾರಿ ಕೈ ಒಡ್ಡಿದರು. ಬೆರಳು ಹೋಯಿತು, ಕಪ್ ಬಂತು. ಆದರೆ ಮರುದಿನದಿಂದ ಊರೆಲ್ಲ ಆಡಿಕೊಂಡದ್ದು ಒಂದೇ ಮಾತು: ಅಂಥಾ ದೊಡ್ಡ ಆಟಗಾರ ಪೆನಾಲ್ಟಿ ಮಿಸ್ ಮಾಡಿಬಿಟ್ಟನಂತೆ! ತಡೆದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

"ಅವನು ಮಿಸ್ ಮಾಡ್ಲಿಲ್ಲ ಕಣಮ್ಮಾ. ನಾನು ತಡೆದೆ!" ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಎಲೆಗೆ ಬಡಿಸಿದ ಅನ್ನ ಆರಿದರೂ ಹೇಳುತ್ತಿದ್ದರು. ಆ ಸಿಟ್ಟು ಬರಬರುತ್ತಾ ಎಲ್ಲಕ್ಕೂ ಹಬ್ಬಿತು. ನಾನು ಬಸ್ ಮಿಸ್ ಆಯಿತೆಂದರೆ, "ಮಿಸ್ ಆಗ್ಲಿಲ್ಲ, ಡ್ರೈವರ್ ನಿಲ್ಲಿಸ್ಲಿಲ್ಲ!" ಕರೆಂಟ್ ಹೋಯಿತೆಂದರೆ, "ತಾನಾಗೇ ಹೋಗೋಕೆ ಅದಕ್ಕೇನು ಕಾಲಿದ್ಯಾ? ಯಾರೋ ತೆಗೆದಿರ್ತಾರೆ!" ಜಗತ್ತಿನಲ್ಲಿ ಯಾವುದೂ ಸುಮ್ಮನೆ ಆಗುವುದಿಲ್ಲ, ಮಾಡಿದವನೊಬ್ಬ ಇದ್ದೇ ಇರುತ್ತಾನೆ ಎಂಬುದು ಅವರ ವಾದ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮುದುಕರಿಗೆ ತಮ್ಮ ಹೆಸರಿನ ಹುಚ್ಚು ಎಂದೇ ನಾನೂ ತಿಳಿದಿದ್ದೆ.

ಬೀದಿ ಕೊನೆಯ ಮನೆಯ ಆಟೋ ಮುನಿರಾಜುವಿನ ಮಗಳು ರೇಣುಕಾ ರಾಜ್ಯದ ಹುಡುಗಿಯರ ತಂಡಕ್ಕೆ ಆಯ್ಕೆಯಾದಳು. ಆ ತಂಡ ರಾಷ್ಟ್ರೀಯ ಕಪ್‌ನ ಫೈನಲ್ ಮುಟ್ಟಿದಾಗ ನಮ್ಮ ಬೀದಿಯ ಸಂಘದವರು ಮೂಲೆಯಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಹುಡುಗಿಯ ಮುಖ ನಿಂಬೆಹಣ್ಣಿನಷ್ಟು, ಸಂಘದ ಅಧ್ಯಕ್ಷ ಪುಟ್ಟರಾಜುವಿನ ಮುಖ ಕುಂಬಳಕಾಯಿಯಷ್ಟು. ಗೆದ್ದು ಬಂದರೆ ಸನ್ಮಾನ, ಮೈಸೂರು ಪೇಟ, ಶಾಲು ಎಂದೆಲ್ಲ ಸಾರಿದ್ದೂ ಆಯಿತು.

ಸಂಘದ ಕೋಣೆಯ ಟಿ.ವಿ. ಮುಂದೆ ಎಲ್ಲರೂ ಸೇರಿದ್ದೆವು. ಆಟ ಸಮವಾಗಿ ಮುಗಿದು ಮತ್ತೆ ಪೆನಾಲ್ಟಿಗೇ ಬಂತು. ಐದನೇ ಒದೆತಕ್ಕೆ ಯಾರು ಎಂದಾಗ ದೊಡ್ಡ ಹುಡುಗಿಯರೆಲ್ಲ ಬೂಟಿನ ದಾರ ನೋಡಿಕೊಂಡರು. ತಂಡದಲ್ಲೇ ಚಿಕ್ಕವಳಾದ ನಮ್ಮ ರೇಣುಕಾ ಕೈ ಎತ್ತಿದಳು. ಒದೆತ ಚೆನ್ನಾಗಿಯೇ ಇತ್ತು. ಆದರೆ ಎದುರಿನ ಗೋಲ್‌ಕೀಪರ್ ಹುಡುಗಿ ಮೈಯೆಲ್ಲ ಚಾಚಿ ಹಾರಿ, ಬೆರಳ ತುದಿಯಿಂದ ಚೆಂಡನ್ನು ಹೊರಗೆ ತಳ್ಳಿದಳು. ನಾವು ಸೋತೆವು. "ಥೂ! ಮಿಸ್ ಮಾಡಿದ್ಲಲ್ಲೋ!" ಎಂದು ಕೋಣೆಯೆಲ್ಲ ಕೂಗಿತು. ಆ ಗಲಾಟೆಯ ನಡುವೆ ಒಬ್ಬರೇ ಚಪ್ಪಾಳೆ ತಟ್ಟುತ್ತಿದ್ದರು. ನಂಜುಂಡಪ್ಪನವರು.

"ನೀವು ಯಾರ್ ಕಡೆ ಸಾರ್?" ಪುಟ್ಟರಾಜು ಕಿರುಚಿದ.

"ಆ ಹುಡುಗಿ ಹೆಂಗೆ ತಡೆದ್ಲು, ಕಣ್ಣಿಗ್ ಕಾಣ್ಲಿಲ್ವೇನಯ್ಯಾ?"

ಮುನಿರಾಜು ತಲೆ ತಗ್ಗಿಸಿ ಎದ್ದು ಹೋದ. ಆ ಹೊತ್ತಿನಲ್ಲಿ ನನಗೂ ಮುದುಕರ ಮೇಲೆ ಕೆಟ್ಟ ಕೋಪ ಬಂದಿತ್ತು.

ಬೆಳಗ್ಗೆ ನೋಡಿದರೆ ಮೂಲೆಯಲ್ಲಿ ಫ್ಲೆಕ್ಸ್ ಇರಲಿಲ್ಲ. ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ಪುಟ್ಟರಾಜುವಿನ ಕಾರಿನ ಮೇಲೆ ಅದನ್ನು ಹೊದಿಸಿದ್ದರು. ರೇಣುಕಾಳ ಮುಖದ ಮೇಲೆ ಕಾಗೆಗಳ ಹಿಕ್ಕೆ ಬಿದ್ದಿತ್ತು. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ಊರು ಬಿಟ್ಟು ಊರಿಗೆ ಹೋಗಿ ನಮ್ಮ ರಾಜ್ಯಕ್ಕಾಗಿ ಆಡಿದ ಮಗು! ಇವರಿಗೆ ಒಂದು ದಿನ ಕಾಯುವಷ್ಟೂ ಮಾನವಿಲ್ಲವೆ?

ನಾನು ಹೊಸಿಲು ದಾಟುವಷ್ಟರಲ್ಲಿ ಆ ಕಿರುಬೆರಳು ಪುಟ್ಟರಾಜುವಿನ ಮೂಗಿನ ಹತ್ತಿರ ಇತ್ತು.

"ತೆಗಿಯಯ್ಯಾ ಅದನ್ನ!"

"ಸೋತೋಳಿಗೆ ಫ್ಲೆಕ್ಸ್ ಯಾಕ್ ಸಾರ್? ಮಿಸ್ ಮಾಡಿ ನಮ್ ಏರಿಯಾ ಮರ್ಯಾದೆ ತೆಗೆದ್ಲು."

"ಮಿಸ್ ಮಾಡ್ಲಿಲ್ಲ ಕಣಯ್ಯಾ! ಆ ಕಡೆ ಹುಡುಗಿ ತಡೆದ್ಲು! ಕೈ ಎತ್ತಿದ್ದಕ್ಕೆ ಇವಳಿಗೆ ಈ ಶಿಕ್ಷೇನಾ? ಕೈ ಎತ್ತದೇ ಇದ್ದೋರನ್ನ ಯಾರಾದ್ರೂ ಬೈದ್ರಾ? ನೀನು ಜನ್ಮದಲ್ಲಿ ಯಾವುದಕ್ಕಾದ್ರೂ ಕೈ ಎತ್ತಿದೀಯಾ, ಫೋಟೋಗೆ ಕೈ ಮುಗಿಯೋದು ಬಿಟ್ಟು?"

ಇಷ್ಟು ವರ್ಷ ಕೇಳಿ ಕೇಳಿ ಬೇಸತ್ತ ಅದೇ ಮಾತು. ಅವತ್ತು ಮಾತ್ರ ಅದರಲ್ಲಿ ಅವರ ಹೆಸರಿನ ಹುಚ್ಚು ಎಳ್ಳಷ್ಟೂ ಇರಲಿಲ್ಲ. ನಾನು ಸ್ಟೂಲ್ ಹಿಡಿದುಕೊಂಡೆ, ಅವರು ಅದರ ಮೇಲೆ ಹತ್ತಿ ನಿಂತು ಫ್ಲೆಕ್ಸನ್ನು ಮತ್ತೆ ಕಟ್ಟಿದರು. ಕಟ್ಟುವ ಮೊದಲು ಪಂಚೆಯ ತುದಿಯಿಂದ ಹುಡುಗಿಯ ಮುಖ ಒರೆಸಿದರು. ಪುಟ್ಟರಾಜುವಿನ ಮುಖದ ಮೇಲಿದ್ದದ್ದನ್ನು ಹಾಗೇ ಬಿಟ್ಟರು.

ರೇಣುಕಾ ಊರಿಗೆ ಬಂದವಳು ಬಾಗಿಲು ಹಾಕಿಕೊಂಡಳು. ಇನ್ನು ಆಡುವುದಿಲ್ಲವಂತೆ ಎಂದು ಅವಳ ತಾಯಿ ಅತ್ತರು. ಸಮಾಧಾನ ಮಾಡಲಿ ಎಂದು ನಂಜುಂಡಪ್ಪನವರನ್ನು ನಾನೇ ಕರೆದುಕೊಂಡು ಹೋದೆ. ಬುದ್ಧಿ ಇಲ್ಲದ ಕೆಲಸ. ಸಮಾಧಾನ ಅವರ ಜಾತಕದಲ್ಲೇ ಇರಲಿಲ್ಲ.

"ಮಿಸ್ ಮಾಡ್ಬಿಟ್ಟೆ ತಾತ," ಎಂದಳು ಹುಡುಗಿ.

"ಏನಂದೆ?" ಮನೆ ಅದುರುವಂತೆ ಗದರಿದರು. "ಆ ಮಗು ಪ್ರಾಣ ಒತ್ತೆ ಇಟ್ಟು ಹಾರಿ ತಡೆದಿದಾಳೆ. ನೀನು ಮಿಸ್ ಅಂದ್ರೆ ಅವಳ ಕಷ್ಟ ಏನಾಯ್ತು? ಅವಮಾನ ಮಾಡ್ತೀಯಾ ಅವಳಿಗೆ? ನೀನು ಸರಿಯಾಗೇ ಒದ್ದೆ. ಅವಳು ಇನ್ನೂ ಸರಿಯಾಗಿ ತಡೆದ್ಲು. ಇನ್ನೊಂದ್ ಸಲ ಮಿಸ್ ಅಂದ್ರೆ ನಿನ್ ಮನೆ ಮೆಟ್ಟಿಲು ಹತ್ತಲ್ಲ!"

ಹುಡುಗಿ ಬೆಪ್ಪಾಗಿ ನೋಡಿದಳು. ಆಮೇಲೆ ಮೊದಲ ಸಲ ಜೋರಾಗಿ ಅತ್ತಳು. ಅದೇ ವಾರ ಮೈದಾನಕ್ಕೆ ಹೋದಳು.

ನಂಜುಂಡಪ್ಪನವರು ಈ ಯುಗಾದಿಗೆ ಮುಂಚೆ ತೀರಿಕೊಂಡರು. ಸಂಘದವರೇ ಶ್ರದ್ಧಾಂಜಲಿ ಸಭೆ ಇಟ್ಟರು. ಮೂಲೆಯಲ್ಲಿ ಫ್ಲೆಕ್ಸ್ ಬಂತು, ಅದರಲ್ಲೂ ಕುಂಬಳಕಾಯಿ ತಪ್ಪಲಿಲ್ಲ. ಪುಟ್ಟರಾಜು ಮೈಕ್ ಹಿಡಿದು, "ದೊಡ್ಡ ಆಟಗಾರರೊಬ್ಬರು ಪೆನಾಲ್ಟಿ ಮಿಸ್ ಮಾಡಿದ ಆ ಫೈನಲ್‌ನಲ್ಲಿ ನಮ್ಮ ನಂಜುಂಡಪ್ಪನವರೂ ಆಡಿದ್ದರು ಎಂಬುದು ನಮ್ಮ ಹೆಮ್ಮೆ," ಎಂದ.

ಸತ್ತ ಮೇಲೂ! ನಾನು ಉರಿದು ಎದ್ದು ನಿಲ್ಲುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಮೈದಾನದಿಂದ ನೇರ ಬಂದಿದ್ದ ರೇಣುಕಾ, ಮಣ್ಣು ಹತ್ತಿದ ಬೂಟಿನಲ್ಲೇ ಎದ್ದು ನಿಂತಿದ್ದಳು.

"ಪುಟ್ಟರಾಜಣ್ಣ, ಅವರು ಮಿಸ್ ಮಾಡ್ಲಿಲ್ಲ. ನಮ್ ತಾತ ತಡೆದ್ರು. ಮೈಕಲ್ಲೇ ಇನ್ನೊಂದ್ ಸಲ ಹೇಳಿ, ಸರಿಯಾಗಿ."