ಮೆಣಸಿನಕಾಯಿ ಕಣಕ್ಕೆ ಬಿದ್ದ ವಿಮಾನ

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಪಕ್ಕದವರು ಇವತ್ತು ಸಂಜೆ ಮೊಮ್ಮಗುವಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಕಾಂಪೌಂಡ್ ದಾಟಿ ಬಂದು ನನ್ನ ಗಂಟಲು ಹಿಡಿಯಿತು. ನೀವಾದರೆ ನಾಲ್ಕು ಸಲ ಕೆಮ್ಮಿ, ಅವರನ್ನು ಮನಸ್ಸಿನಲ್ಲೇ ಬೈದು ಸುಮ್ಮನಾಗುತ್ತಿದ್ದಿರಿ. ನಾನು ಕಿಟಕಿ ಮುಚ್ಚಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ದಾರಿಯಲ್ಲಿ ನನ್ನ ದೊಡ್ಡವ್ವನ ಹೊಲವಿದೆ. ದೊಡ್ಡವ್ವ ಎಂದರೆ ಅಮ್ಮನ ಅಕ್ಕ. ಅವಳ ಕಣದಲ್ಲಿ ಒಣಗಲು ಹರಡಿದ ಮೆಣಸಿನಕಾಯಿಯಿಂದ ವರ್ಷದ ಖಾರದಪುಡಿಗೆ ಬೇಕಾದಷ್ಟನ್ನು ಪುಕ್ಕಟೆ ಹೊತ್ತು ತರುವುದು ನನ್ನ ಹಕ್ಕೆಂದೇ ತಿಳಿದಿದ್ದೆ. ಚೀಲದ ಬಾಯಿ ಕಟ್ಟುವ ಮೊದಲೇ ನನಗೆ ಸೀನು ಶುರು. “ಪ್ಯಾಟಿ ಮೂಗು ನೋಡ್ರಿ, ಖಾರ ಬೇಕಂತ, ಘಾಟು ಬ್ಯಾಡಂತ” ಎಂದು ನಗುತ್ತಿದ್ದಳು.

ಆಗ ಅಲ್ಲಿ ಮಿಲಿಟರಿಯ ತರಬೇತಿ ವಿಮಾನಗಳು ಸುತ್ತು ಹಾಕುತ್ತಿದ್ದವು. ಸದ್ದು ಕೇಳಿದರೆ ದೊಡ್ಡವ್ವ ಮೊರ ಕೆಳಗಿಟ್ಟು ತಲೆಯೆತ್ತುವಳು. “ಯಾರ ಮಗನೋ ಏನೋ, ಉಂಡು ಏರ್ಯಾನೋ ಇಲ್ಲೋ” ಎನ್ನುವಳು. ಅವಳಿಗೆ ಪ್ರಪಂಚದಲ್ಲಿ ಎಲ್ಲರೂ ಹಸಿದವರೇ.

ನಾನು ಚೀಲ ತುಂಬಲು ಹೋಗಿದ್ದ ಒಂದು ಮಧ್ಯಾಹ್ನ ಆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನೋಡುವಷ್ಟರಲ್ಲಿ ವಿಮಾನ ಒಂದು ಕಡೆಗೆ ವಾಲಿಕೊಂಡು ಇಳಿಯುತ್ತಿತ್ತು. ಕಣದ ಆಚೆ ತುದಿಗೆ ಬಿದ್ದೊಡನೆ ನೆಲ ನಡುಗಿತು. ಮೊದಲು ವಿಮಾನಕ್ಕೆ ಬೆಂಕಿ ಹತ್ತಿತು, ಅಲ್ಲಿಂದ ಮೆಣಸಿನಕಾಯಿಗೆ. ಒಗ್ಗರಣೆಯಲ್ಲಿ ಒಂದು ಕಾಯಿ ಸೀದರೆ ನೀವು ಮನೆ ಬಿಟ್ಟು ಓಡುತ್ತೀರಿ. ಅಲ್ಲಿ ಇಡೀ ವರ್ಷದ ಬೆಳೆ ಸೀಯುತ್ತಿತ್ತು. ಅಕ್ಕಪಕ್ಕದ ಹೊಲಗಳಿಂದ ಓಡಿ ಬಂದ ಗಂಡಸರೆಲ್ಲ ಉಸಿರುಗಟ್ಟಿ, ಕಣ್ಣು ಕಾಣದೆ ಹಿಂದಕ್ಕೆ ಬಂದರು. ನಾನು ಬೇವಿನ ಮರದವರೆಗೂ ಹೋಗಿ ವಾಂತಿ ಮಾಡಿಕೊಂಡು ಕುಸಿದೆ.

ದೊಡ್ಡವ್ವ ಸೆರಗನ್ನು ಕೊಡದ ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಹೊಗೆಯೊಳಗೆ ಹೋದಳು. ಹೊರಬಂದಾಗ ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ವಿಮಾನದ ಗಾಜಿನ ಮುಚ್ಚಳ ಎಷ್ಟು ಎಳೆದರೂ ತೆರೆಯಲಿಲ್ಲವಂತೆ. ಒಳಗಿದ್ದ ಒಬ್ಬನೇ ಹುಡುಗ ಅಲ್ಲೇ ಹೋದ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದಾಗ ನನಗೆ ಮಾತ್ರ ಹೇಳಿದಳು: “ಜೀವ ಇತ್ತಲೇ. ನನ್ನ ಕಡಿ ನೋಡಿದ. ತುಟಿ ಆಡಿಸಿದ. ನನ್ನ ಮೆಣಸಿನಕಾಯಿ ಹೊಗಿ ಇರದಿದ್ರ ಇನ್ನೂ ನಾಕು ಮಂದಿ ಬರ್ತಿದ್ರು, ಮುಚ್ಚಳ ಕೀಳ್ತಿದ್ರು.” ಹಾಗಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಇದ್ದಳು.

ಕೆಲವು ತಿಂಗಳ ಮೇಲೆ ಹುಡುಗನ ತಂದೆತಾಯಿ ಹೊಲ ನೋಡಲು ಬಂದರು. ಬಹಳ ದೂರದ ಉತ್ತರದವರು. ಕೌಲ್ ಬಜಾರಿನಲ್ಲಿ ಚೌಕಾಸಿ ಮಾಡಿ ಕಲಿತ ನನ್ನ ಹಿಂದಿಯನ್ನು ನಂಬಿ ದೊಡ್ಡವ್ವ ನನ್ನನ್ನು ಕರೆಸಿಕೊಂಡಿದ್ದಳು. ಮೊದಲೇ ತಾಕೀತು ಮಾಡಿದ್ದಳು: “ಬಿದ್ದ ಕೂಡ್ಲೆ ಜೀವ ಹೋತು ಅನ್ನು. ಹಡೆದಾಕಿ ಆಕಿ. ಬ್ಯಾರೆ ಏನೂ ಹೇಳಬ್ಯಾಡ.”

ತಾಯಿ ಕೇಳಿದ್ದು ಅದನ್ನೇ, ಮಗ ನರಳಿದನೇ ಎಂದು. ಇಲ್ಲ, ಬಿದ್ದ ಕ್ಷಣವೇ ಮುಗಿದಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದೆ. ಆಕೆ ತಲೆ ಆಡಿಸಿದರು. ದೊಡ್ಡವ್ವ ಕುಡಿಯಲು ನೀರಿನ ಚೊಂಬು ಚಾಚಿದಳು. ಆಕೆ ಚೊಂಬನ್ನು ಪಕ್ಕಕ್ಕಿಟ್ಟು, ದೊಡ್ಡವ್ವನ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿದರು. ಗಾಯ ಮಾಯ್ದು ಚರ್ಮ ಸುಕ್ಕುಗಟ್ಟಿತ್ತು. ತಿರುಗಿ ನನ್ನನ್ನೊಮ್ಮೆ ನೋಡಿದರು. ಆ ಅಂಗೈಗಳಲ್ಲಿ ಮುಖವಿಟ್ಟು ಬಹಳ ಹೊತ್ತು ಕೂತರು. ದುಃಖಕ್ಕೆ ಹಾಗೆ ಮಾಡಿದರೆಂದೇ ದೊಡ್ಡವ್ವ ತಿಳಿದಳು.

ಅಂದಿನಿಂದ ಫೋನಿನಲ್ಲಿ ಮಳೆ, ಮದುವೆ, ಮಂಡಿನೋವು ಎಲ್ಲ ಮುಗಿದ ಮೇಲೆ ಅವಳದು ಒಂದೇ ಪ್ರಶ್ನೆ: “ಆಕಿ ನಂಬಿದ್ಲಲ್ಲ?” ನಂಬಿದ್ಲು ದೊಡ್ಡವ್ವ, ಎನ್ನುತ್ತಲೇ ಬಂದಿದ್ದೇನೆ.

ಇವತ್ತು ಘಾಟು ಇಳಿದ ಮೇಲೆ ನಾನೇ ಫೋನ್ ಮಾಡಿದೆ. ಅವಳು ಅದನ್ನೇ ಕೇಳಿದಳು. ಯಾಕೋ ಆ ಮಾತು ನನ್ನ ಬಾಯಿಗೆ ಬರಲಿಲ್ಲ.

“ಇಲ್ಲ ದೊಡ್ಡವ್ವ, ನಂಬಲಿಲ್ಲ. ನಿನ್ನ ಕೈ ನೋಡಿದ ಕೂಡ್ಲೆ ಆಕಿಗೆ ಎಲ್ಲಾ ಗೊತ್ತಾತು.”

ಬೈಯುತ್ತಾಳೆಂದು ಕಾದೆ.

“ಹಂಗಾದ್ರ,” ಎಂದಳು ಮೆಲ್ಲಗೆ, “ತನ್ನ ಮಗನ ಹತ್ರಕ ಯಾರೋ ಒಬ್ರು ಹೋಗಿದ್ರು ಅಂತ ಗೊತ್ತೈತಿ ಆಕಿಗೆ.”

“ಗೊತ್ತೈತಿ.”

ದೊಡ್ಡವ್ವ ಅಳತೊಡಗಿದಳು. ಇಷ್ಟು ವರ್ಷಗಳಲ್ಲಿ ಆ ಹುಡುಗನಿಗಾಗಿ ಅವಳು ಅತ್ತದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅವಳಾಗಿ ಇಡುವವರೆಗೂ ನಾನು ಫೋನ್ ಇಡಲಿಲ್ಲ.