ಬಣ್ಣ ಬಳಿಯೋ ಲೈಸೆನ್ಸು

ಬಸ್ ಡಿಪೋದ ಸಾಮಾನು ಕೋಣೆಯಲ್ಲಿ ಅವಳ ಕೆಲಸ ಇಷ್ಟೇ: ಬಂದ ಮಾಲನ್ನು ನಂಬದಿರುವುದು. ಬೋಲ್ಟು, ಬೇರಿಂಗು, ಬ್ರೇಕಿನ ಲೈನಿಂಗು, ಏನೇ ಬರಲಿ, ಡಬ್ಬಿಯ ಮೇಲಿನ ಹೆಸರು ಓದಿ ಸುಮ್ಮನಾಗುವ ಜಾಯಮಾನ ಅವಳದಲ್ಲ. ಬಿಚ್ಚುತ್ತಾಳೆ, ಅಳೆಯುತ್ತಾಳೆ, ಉಗುರಿನಿಂದ ಕೆರೆಯುತ್ತಾಳೆ, ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾಳೆ. ಮಾಲು ತಂದವನು "ನಾನೇನು ನಿಮಗೆ ಮೋಸ ಮಾಡ್ತೀನಾ ಅಕ್ಕಾ?" ಅಂದರೆ, "ನೀನು ಮಾಡಲ್ಲಪ್ಪ, ಬೋಲ್ಟು ಮಾಡುತ್ತೆ" ಅನ್ನುತ್ತಾಳೆ. ಡಿಪೋದಲ್ಲಿ ಚೆಕ್ಕಿಂಗ್ ಅಕ್ಕ ಎಂದು ಬಿದ್ದ ಹೆಸರು ಅವಳ ಹಿಂದೆಯೇ ಬೀದಿಗೂ ಬಂತು.

ಬೀದಿಯಲ್ಲಿ ಯಾರೇ ಗೋಡೆ ಕೆಡವಲಿ, ನಲ್ಲಿ ಹಾಕಿಸಲಿ, ಕೆಲಸದವನನ್ನು ಮೊದಲು ಇವಳ ಮುಂದೆ ತಂದು ನಿಲ್ಲಿಸುತ್ತಿದ್ದರು. ಲೈಸೆನ್ಸು ಯಾರ ಹೆಸರಲ್ಲಿದೆ, ಯಾವ ಕೆಲಸಕ್ಕೆ, ಯಾವತ್ತಿನವರೆಗೆ ಎಂದು ಕೇಳುವಳು. ಫೋನಿನಲ್ಲಿ ಫೋಟೊ ತೋರಿಸಿದರೆ ಒಪ್ಪುವವಳಲ್ಲ. ಪರವಾನಗಿ ಕಚೇರಿಯ ಕಿಟಕಿಗೆ ತಾನೇ ಹೋಗಿ ವಿಚಾರಿಸಿ ಬರುವಳು. ಒಮ್ಮೆ ವೈರಿಂಗಿಗೆ ಬಂದವನೊಬ್ಬನ ಲೈಸೆನ್ಸು ಅವನದಲ್ಲ, ಸತ್ತುಹೋಗಿದ್ದ ಮಾವನದು ಎಂದು ಪತ್ತೆ ಹಚ್ಚಿದಳು. "ಹಾಗಾದ್ರೆ ಮಾವನವರನ್ನೇ ಕಳ್ಸಪ್ಪ" ಅಂದಳು. ಆತ ಚೀಲ ಎತ್ತಿಕೊಂಡು ಹೋದವನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮುಂದೆ ಯಾರೂ ಸ್ವತಃ ವಿಚಾರಿಸುವ ಗೋಜಿಗೇ ಹೋಗಲಿಲ್ಲ. ಚೆಕ್ಕಿಂಗ್ ಅಕ್ಕ ಮನೆಯೊಳಗೆ ಬಿಟ್ಟುಕೊಂಡವನು ಪಾಸು, ಅಷ್ಟೇ. ಎಷ್ಟು ಸುಲಭ ನೋಡಿ! ಊರಿನ ಕಣ್ಣೆಲ್ಲ ಅವಳೊಬ್ಬಳ ಮುಖದಲ್ಲಿ.

ಇಂಥವಳ ಮನೆಗೆ ಮಗಳ ಭಾವ ಬಂದ. ಅಳಿಯನ ಅಣ್ಣ, ಬೀಗರ ಮನೆಯ ಹಿರಿಮಗ, ಕಟ್ಟಡದ ಕೆಲಸ ಹಿಡಿದು ಮಾಡಿಸುವವನು. ಮಹಡಿಯ ಮೇಲೊಂದು ಕೋಣೆ ಹಾಕಿಸಬೇಕು ಎಂದು ಅವಳು ಮಗಳ ಹತ್ತಿರ ಬಾಯಿ ಬಿಟ್ಟಿದ್ದೇ ತಡ, ಅಳತೆ ಟೇಪು ಹಿಡಿದು ಪ್ರತ್ಯಕ್ಷನಾದ.

"ನಾನಿರುವಾಗ ಹೊರಗಿನವರು ಯಾಕತ್ತೆ?"

ಒಳ್ಳೆಯ ಮನುಷ್ಯ. ತೊಂದರೆಯೇ ಅದು. ಹಿಂದಿನ ವರ್ಷ ಮಗಳು ಜಗಳವಾಡಿಕೊಂಡು ತವರಿಗೆ ಬಂದು ಕೂತಿದ್ದಳು. ಗಂಡ ಅನ್ನಿಸಿಕೊಂಡವನು ಬಿಗುಮಾನದಿಂದ ಇತ್ತ ತಲೆ ಹಾಕಲಿಲ್ಲ. ಆಗ ಬಾಗಿಲಿಗೆ ಬಂದು "ತಪ್ಪು ನಮ್ಮದೇ ಕಣಮ್ಮ, ಬಾ, ಮನೆಗೆ ಹೋಗೋಣ" ಎಂದು ಮರ್ಯಾದೆಯಿಂದ ಕರೆದೊಯ್ದವನು ಈ ಭಾವ. ಈಗ ಅವನನ್ನು ಅಂಗಳದಲ್ಲಿ ನಿಲ್ಲಿಸಿ ಲೈಸೆನ್ಸು ತೋರಿಸು ಅನ್ನುವುದು ಯಾವ ಬಾಯಿಂದ?

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಡಿಪೋದಿಂದ ಬರುವಾಗ ಕಚೇರಿಯ ಕಿಟಕಿಗೆ ಹೋಗಿ ಅವನ ಹೆಸರು ಹೇಳಿದಳು. ಗುಮಾಸ್ತ ನೋಡಿ ನಕ್ಕ.

"ಇವರದು ಬಣ್ಣದ ಕೆಲಸಕ್ಕೆ ಮಾತ್ರ ಅಕ್ಕ. ಗೋಡೆಗೆ ಬಳೀಬಹುದು, ಗೋಡೆ ಕಟ್ಟೋ ಹಾಗಿಲ್ಲ."

ಅವಳಿಗೆ ನಗು ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಮಗಳಿಗೆ ಫೋನು ಮಾಡಿದಳು. ವಿಷಯ ಕೇಳಿ ಮಗಳು ಗೋಗರೆದಳು.

"ನಿನ್ನ ದಮ್ಮಯ್ಯ ಅಮ್ಮ, ಇದನ್ನ ಯಾರ ಹತ್ರಾನೂ ಆಡ್ಬೇಡ. ನಿನಗೆ ಬೇಡದಿದ್ರೆ ಬೇಡ ಅನ್ನು. ಕಾರಣ ಹೇಳ್ಬೇಡ. ಆ ಮನೇಲಿ ನನ್ನ ಪರ ಮಾತಾಡೋರು ಅವರೊಬ್ಬರೇ."

ಸರಿ, ಕಾರಣ ಹೇಳಲಿಲ್ಲ. "ಸದ್ಯಕ್ಕೆ ಬೇಡಪ್ಪ, ಮುಂದೆ ನೋಡೋಣ" ಅಂದಳು. ಅವನೂ ಬೇಜಾರು ಮಾಡಿಕೊಳ್ಳದೆ ಟೀ ಕುಡಿದು ಎದ್ದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಗೇಟು ದಾಟುವಾಗ ಪಕ್ಕದ ಮನೆಯ ಇಸ್ತ್ರಿಯವಳು ಗೋಡೆಯಾಚೆಯಿಂದ ಕರೆದಳು.

ಅವಳದು ಒಂಟಿ ಜೀವ. ಮನೆಯ ಮುಂದೆ ತಗಡಿನ ಚಪ್ಪರ, ಅದರಡಿ ಮೇಜು, ಮೇಜಿನ ಮೇಲೆ ಬೀದಿಯವರೆಲ್ಲರ ಬಟ್ಟೆ. ಬಿಸಿಲಲ್ಲಿ ತಗಡು ಕಾದು, ಮೇಲಿಂದಲೂ ಕೆಳಗಿಂದಲೂ ಅವಳಿಗೇ ಇಸ್ತ್ರಿ. ತಗಡು ಕಿತ್ತು ಕಾಂಕ್ರೀಟ್ ಚಾವಣಿ ಹಾಕಿಸಬೇಕೆಂದು ಬಹಳ ದಿನದಿಂದ ಅನ್ನುತ್ತಿದ್ದಳು. ಚೆಕ್ಕಿಂಗ್ ಅಕ್ಕನ ಮನೆಯಿಂದ ಟೇಪು ಹಿಡಿದು ಹೊರಬಂದವನನ್ನು ಇನ್ನೇನು ಕೇಳುವುದು? ಅಲ್ಲೇ ಕೆಲಸ ಒಪ್ಪಿಸಿಬಿಟ್ಟಳು.

ಕೆಲಸ ಶುರುವಾಯಿತು. ಚೆಕ್ಕಿಂಗ್ ಅಕ್ಕನ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಪರವಾನಗಿಯ ಬೋರ್ಡು ಎಲ್ಲೂ ಇಲ್ಲ. ಕಂಬಿಗಳು ತೆಳ್ಳಗೆ, ಒಂದಕ್ಕೊಂದು ಮುನಿಸಿಕೊಂಡವರ ಹಾಗೆ ದೂರ ದೂರ. ಕೂದಲೆಳೆಯಷ್ಟು ಸವೆದ ಬೇರಿಂಗನ್ನು ವಾಪಸು ಕಳಿಸುವ ಕಣ್ಣು ಅದು. ನೋಡಿಯೂ ನೋಡದಂತೆ ಎಷ್ಟು ದಿನ ಇದ್ದೀತು? ತಡೆಯಲಾರದೆ ಭಾವನಿಗೆ "ಕಂಬಿ ತೆಳ್ಳಗಾಯ್ತೇನೋ" ಎಂದು ಹೇಳಿ ನೋಡಿದಳು. "ಇದು ಬಸ್ಸಲ್ಲ ಅತ್ತೆ, ಓಡಾಡಲ್ಲ, ನಿಂತಿರುತ್ತೆ" ಎಂದು ನಕ್ಕ.

ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಇಸ್ತ್ರಿಯವಳು ಮಡಿಸಿದ ಬಟ್ಟೆ ಕೊಡಲು ಬಂದಳು.

"ಪರ್ಮಿಟ್ ಬೋರ್ಡ್ ಹಾಕಿಲ್ವಲ್ಲ?" ಅಂದಳು ಚೆಕ್ಕಿಂಗ್ ಅಕ್ಕ.

"ಇಷ್ಟು ಚಿಕ್ಕದಕ್ಕೆ ಬೇಡವಂತೆ. ಅಲ್ಲ, ನಿಮ್ಮ ಬೀಗರೇ ಅಲ್ವಾ? ಲೈಸೆನ್ಸು ಗಿಯ್ಸೆನ್ಸು ನೀವು ನೋಡೇ ಇರ್ತೀರಿ."

ನಾಲಿಗೆಯ ತುದಿಗೆ ಬಂದಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು, ಹಿಂದಿನ ವರ್ಷ ಇದೇ ಬಾಗಿಲಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ ಮುಖ.

"ಒಳ್ಳೆಯವರು" ಅಂದಳು.

ಒಳ್ಳೆಯವರಂತೆ! ಕೇಳಿದ್ದು ಅದನ್ನಲ್ಲ ತಾಯಿ. ಒಳ್ಳೆಯತನಕ್ಕೆ ಯಾವ ಕಚೇರಿಯೂ ಲೈಸೆನ್ಸು ಕೊಡುವುದಿಲ್ಲ. ಇಸ್ತ್ರಿಯವಳು ಮಾತ್ರ ಅಷ್ಟು ಸಾಕೆಂದು ಖುಷಿಯಿಂದ ಹೊರಟುಹೋದಳು.

ಚಾವಣಿ ನಿಂತಿತು. ಕೆಳಗೆ ಆಸರೆಗೆ ಕೊಟ್ಟಿದ್ದ ಕಂಬಗಳನ್ನು ತೆಗೆದ ಮೇಲೂ ನಿಂತಿತು. ಬೆಳಗ್ಗೆ ಎದ್ದರೆ ಚೆಕ್ಕಿಂಗ್ ಅಕ್ಕ ಹಲ್ಲುಜ್ಜುವ ಮೊದಲು ಅದನ್ನೇ ನೋಡುತ್ತಿದ್ದಳು. ಕೆಳಗೆ ಇಸ್ತ್ರಿಯವಳು "ಎಷ್ಟು ತಂಪು ಗೊತ್ತಾ ಅಕ್ಕ!" ಎಂದು ಕೈ ಬೀಸುವಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಮಳೆಗಾಲ ಬಂತು. ಚಾವಣಿಯ ಮೇಲೆ ನೀರು ನಿಂತಿತು. ಒಂದು ಮಧ್ಯಾಹ್ನ ಅದು ಕುಸಿದಿದೆಯೆಂದು ಡಿಪೋಗೆ ಫೋನು ಬಂತು.

ಭಾವನೂ ಸುದ್ದಿ ಕೇಳಿ ಓಡಿ ಬಂದಿದ್ದನಂತೆ. ಕಾಂಕ್ರೀಟಿನ ತುಂಡುಗಳನ್ನು ಬರಿಗೈಯಲ್ಲಿ ಎತ್ತಿ ಎಸೆದಿದ್ದನಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಸುಲಿದ ಅಂಗೈ ನೋಡಿಕೊಳ್ಳುತ್ತ ಮಗುವಿನ ಹಾಗೆ ಅಳುತ್ತಿದ್ದ. ಇಸ್ತ್ರಿಯವಳ ಜೀವ ಉಳಿದಿತ್ತು. ಬಲಗೈ ಇನ್ನು ಮುಂದೆ ಎತ್ತಲು ಬಾರದು ಎಂದು ಡಾಕ್ಟರು ಹೇಳಿದ್ದರು. ಇಸ್ತ್ರಿ ಹಿಡಿಯುವ ಕೈ ಅದೇ.

ಎರಡು ದಿನ ಕಳೆದು ಮಂಚದ ಸುತ್ತ ಬೀದಿಯ ಹೆಂಗಸರು ನಿಂತಿದ್ದರು. ಗ್ರಾಹಕರ ದೂರು ಕಚೇರಿಗೆ ಹೋಗಿ ಬಂದಿದ್ದವಳೊಬ್ಬಳು ಹೇಳುತ್ತಿದ್ದಳು: "ಸರಿಯಾದ ಲೈಸೆನ್ಸ್ ಇದ್ದೋರಾಗಿದ್ರೆ ವಿಮೆಯವರು ಪರಿಹಾರ ಕೊಡ್ತಿದ್ರಂತೆ. ಇವರ ಹಿಂದೆ ಏನೂ ಇಲ್ವಂತೆ. ಚೆಕ್ಕಿಂಗ್ ಅಕ್ಕನ ಬೀಗರು ಅಂತ ನಂಬಿದ್ದಕ್ಕೆ..."

ಅಷ್ಟರಲ್ಲಿ ಚೆಕ್ಕಿಂಗ್ ಅಕ್ಕ ಒಳಗೆ ಬಂದಳು. ಹಿಂದೆಯೇ ಮಗಳು. ಇಸ್ತ್ರಿಯವಳು ಎಡಗೈ ಚಾಚಿ ಅವಳ ಕೈ ಹಿಡಿದುಕೊಂಡಳು.

"ಯಾರೂ ಅಕ್ಕನಿಗೆ ಏನೂ ಅನ್ಬೇಡಿ. ಪಾಪ, ಅವರಿಗೆ ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ವಾ?"

ಮಗಳು ಹಿಂದಿನಿಂದ ಅಮ್ಮನ ಮೊಣಕೈ ಅದುಮಿದಳು. ಬೇಡಮ್ಮ, ಬೇಡ.

"ಗೊತ್ತಿತ್ತು" ಅಂದಳು ಚೆಕ್ಕಿಂಗ್ ಅಕ್ಕ.

ಮಗಳ ಕೈ ಮೊಣಕೈಯಿಂದ ಜಾರಿತು. ಚಪ್ಪಲಿಯ ಸದ್ದು ಬಾಗಿಲು ದಾಟಿ ದೂರವಾಯಿತು. ಇಸ್ತ್ರಿಯವಳು ದಿಂಬಿನಿಂದ ತಲೆ ಎತ್ತಿದಳು.

"ಯಾವಾಗಿಂದ? ಅವತ್ತು ನಾನು ಕೇಳಿದಾಗಲೂನಾ?"

"ಹ್ಞೂಂ. ಅದಕ್ಕೂ ಮುಂಚೆ."

ಇಸ್ತ್ರಿಯವಳು ಬೈಯಲಿಲ್ಲ, ಅಳಲೂ ಇಲ್ಲ. ಎಡಗೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯ ಒಳಗೆ ಇಟ್ಟುಕೊಂಡಳು.