ಸೊನ್ನೆಯಲ್ಲಿ ಕೂತಿದ್ದ ಅಕಾರ

ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರ ಬೋರ್ಡನ್ನು ಮೊನ್ನೆ ತೊಳೆಯಲೆಂದು ಕಳಚಿ, ಅಕ್ಷರಗಳನ್ನು ಒಂದೊಂದಾಗಿ ಫುಟ್‌ಪಾತಿನ ಮೇಲೆ ಹರಡಿದ್ದರು. ದಿನವೂ ಇಡಿಯಾಗಿ ಓದಿ ಮರೆಯುವ ಹೆಸರು ಹೀಗೆ ಬಿಡಿಬಿಡಿಯಾಗಿ ಬಿಸಿಲು ಕಾಯಿಸಿಕೊಳ್ಳುತ್ತಿರುವುದನ್ನು ಕಂಡು ನಾನು ನಿಂತೇಬಿಟ್ಟೆ. ನೀವಾಗಿದ್ದರೆ ದಾಟಿ ಹೋಗುತ್ತಿದ್ದಿರಿ. ನಿವೃತ್ತಿಯ ನಂತರ ಪ್ರೋಗ್ರಾಮಿಂಗ್ ಕಲಿಯಹೊರಟ ನನ್ನಂಥ ಮಹಾನುಭಾವನಿಗೆ ಮಾತ್ರ ಇಂಥ ಚಿಲ್ಲರೆ ದೃಶ್ಯದಲ್ಲೂ ಬ್ರಹ್ಮಾಂಡ ಕಾಣುತ್ತದೆ.

ವಿಮಾನಪುರದ ಕಾರ್ಖಾನೆಯಲ್ಲಿ ದುಡಿದ ನನಗೆ ಈ ವಿದ್ಯೆ ಬೇಕಾದದ್ದು ಹೆಂಡತಿ ಶಾರದೆಗಾಗಿ. ಪಾರ್ಶ್ವವಾಯು ಅವಳ ಮಾತನ್ನು ಕಸಿದು, ಬಲಗೈಯ ಒಂದು ಬೆರಳಿನಲ್ಲಷ್ಟೇ ಕಸುವು ಉಳಿಸಿತ್ತು. ನಮ್ಮ ಹೊರಮಾವಿನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕಲಬುರಗಿಯ ಭಾಗ್ಯಶ್ರೀ, ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವಳು, ನನ್ನನ್ನೂ ಶಿಷ್ಯನನ್ನಾಗಿ ಸ್ವೀಕರಿಸಿದಳು. ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಎನ್ನುತ್ತಾರಂತೆ. ಅದರೊಳಗೆ ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬರು. ನಂಬರು ಹಿಡಿದು ಕರೆದರೆ ಆ ಅಕ್ಷರವೊಂದೇ ಎದ್ದು ಬರುತ್ತದೆ, ಅಕ್ಕಪಕ್ಕದವು ಮಿಸುಕುವುದಿಲ್ಲ. ಮೊದಲ ಸಲ ಹಾಗೆ ಬಂದು ನಿಂತಾಗ ನನಗೆ ಮೈ ಜುಮ್ಮೆಂದಿತು.

ವರ್ಣಮಾಲೆಯನ್ನೇ ಒಂದು ಸ್ಟ್ರಿಂಗ್ ಮಾಡಿದೆ. ಪರದೆಯ ಮೇಲೆ ಒಂದೊಂದೇ ಅಕ್ಷರ ಬಂದು ಹೋಗುತ್ತದೆ. ಬೇಕಾದದ್ದು ಬಂದಾಗ ಶಾರದೆ ಗುಂಡಿ ಒತ್ತಿದರೆ ಆ ಅಕ್ಷರ ಕೆಳಗಿನ ಸಾಲಿನಲ್ಲಿ ಕೂರುತ್ತದೆ. ಆದರೆ ಸುತ್ತಿನ ಮೇಲೆ ಸುತ್ತು ಕಳೆದರೂ ಅವಳ ಬೆರಳು ಅಲುಗಲಿಲ್ಲ. ಬುದ್ಧಿಯೂ ಮಂಕಾಯಿತೇನೋ ಎಂದು ಹೆದರಿದೆ. ಭಾಗ್ಯಶ್ರೀಯನ್ನು ಕರೆದೆ.

"ಅಂಕಲ್, ಇಲ್ಲಿ ಎಣಿಕಿ ಸೊನ್ನಿಯಿಂದ ಶುರು ಆಗ್ತದರಿ. ನೀವು ಒಂದರಿಂದ ಹಿಡದೀರಿ. ಆಂಟಿಗೆ 'ಅ' ಕಾಣಸೇ ಇಲ್ಲ."

ಜೀವಮಾನವೆಲ್ಲ ಬಿಡಿಭಾಗಗಳನ್ನು ಒಂದರಿಂದಲೇ ಎಣಿಸಿದ ಕೈಗೆ ಬೇರೇನು ತೋಚೀತು? ವರ್ಣಮಾಲೆಯ ಹಿರಿಯನೇ ಸೊನ್ನೆಯ ಮನೆಯಲ್ಲಿ ಕರೆಗಾಗಿ ಕಾಯುತ್ತಿದ್ದ. ತಿದ್ದಿದೆ. 'ಅ' ಬಂತು. ಶಾರದೆ ಒತ್ತಿದಳು.

ಬೆರಳು ಒತ್ತುವಷ್ಟರಲ್ಲೇ ಓಡಿಹೋದ ಅಕ್ಷರಕ್ಕಾಗಿ ಮತ್ತೆ ಇಡೀ ಸುತ್ತು ಕಾದು 'ವ' ಹಿಡಿದಳು, ಆಮೇಲೆ 'ಸ', ಕೊನೆಗೆ 'ರ'. ತಿಂಗಳುಗಳ ಮೌನದ ನಂತರ ನನ್ನ ಹೆಂಡತಿ ಆಡಿದ ಮೊದಲ ಮಾತು: ಅವಸರ. ಪ್ರೀತಿಯದೇನಾದರೂ ಬರಬಹುದೆಂದು ಕನ್ನಡಕ ಒರೆಸಿಕೊಂಡು ಕೂತವನು ನಾನು. ಆದರೆ ಮದುವೆಯಾದಂದಿನಿಂದ "ಏನ್ರೀ ನಿಮ್ಮ ಅವಸರ" ಎಂದು ಗದರಿಕೊಂಡು ಬಂದ ಅದೇ ಶಾರದೆ, ಒಂದಿಷ್ಟೂ ಸವೆಯದೆ, ಒಳಗೇ ಇದ್ದಳು. ಅದಕ್ಕಿಂತ ದೊಡ್ಡ ವಿಸ್ಮಯವನ್ನು ನಾನು ಕಂಡಿಲ್ಲ.

ಅಕ್ಷರಗಳ ವೇಗವನ್ನು ಅರ್ಧಕ್ಕೆ ಇಳಿಸಿದೆ. ಸಂಜೆ ಗಂಜಿ ಕುಡಿಸುವಾಗ, ಒಂದು ಚಮಚ ಕೊಟ್ಟು, ಅವಳು ನುಂಗಿ ನನ್ನತ್ತ ನೋಡುವ ತನಕ ಕಾದೆ.